ಹಗುರ ಬ್ಯಾಟರಿ ಕೊಳ್ಳುವ ಮೊದಲು ಮಳೆಗಾಲದ ಲೆಕ್ಕ ಹಾಕಿ

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಗದ್ದೆಯಂಚಿನ ಶೆಡ್ಡಿನಿಂದ ಮೈಕ್ರೋಲೈಟನ್ನು, ಅಂದರೆ ಒಬ್ಬಿಬ್ಬರು ಕೂರುವ ಪುಟ್ಟ ವಿಮಾನವನ್ನು, ಹೊರಗೆ ತಳ್ಳಿ ಕೀ ತಿರುಗಿಸಿದರೆ ಎಷ್ಟೋ ಸಲ ಕೇಳುವುದು ಒಂದೇ ಸದ್ದು: ಟಕ್, ಟಕ್, ಟಕ್. ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಸ್ವಿಚ್ ಹಿಡಿಯುತ್ತದೆ, ಪ್ರೊಪೆಲ್ಲರ್ ಅಲುಗುವುದಿಲ್ಲ. ‘ಈ ಸಲ ಸೀಸದ ಬದಲು ಲಿಥಿಯಂ ಬ್ಯಾಟರಿ ಹಾಕಿಬಿಡೋಣ, ಐದು ಕೆಜಿ ತೂಕವೂ ಇಳಿಯುತ್ತದೆ’ ಎಂಬ ಮಾತು ಹುಟ್ಟುವುದು ಆಗಲೇ. ತೂಕ ಇಳಿಯುವುದು ನಿಜ. ಆದರೆ ಲಿಥಿಯಂ ಕೊಳ್ಳಲು ತೂಕ ಎರಡನೆಯ ಕಾರಣ, ಸೆಲ್ಫ್ ತಿರುಗುವ ವೇಗ ಮೊದಲನೆಯದು. ಕೊಳ್ಳದಿರಲು ಇರುವ ಕಾರಣ ಮಾತ್ರ ಅಪ್ಪಟ ಕೊಡಗಿನದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಕದಲದೆ ನಿಲ್ಲುವ ನಾಲ್ಕು ತಿಂಗಳು.

ಮೊದಲು ತೂಕದ್ದೇ ಮುಗಿಸೋಣ. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ 16 ಆಂಪಿಯರ್-ಅವರ್‌ನ ಎಜಿಎಂ ಬ್ಯಾಟರಿ, ಅಂದರೆ ಆಸಿಡ್ ಚೆಲ್ಲದ ಸೀಲ್ ಮಾಡಿದ ಸೀಸದ ಬ್ಯಾಟರಿ, ಸುಮಾರು 7 ಕೆಜಿ ತೂಗುತ್ತದೆ. ಅದೇ ಎಂಜಿನ್ನನ್ನು ಎತ್ತಬಲ್ಲ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 2 ಕೆಜಿ ಆಸುಪಾಸು. ಉಳಿದ 5 ಕೆಜಿ ಎಂದರೆ 7 ಲೀಟರ್ ಪೆಟ್ರೋಲ್, ಇಂಥ ವಿಮಾನಗಳಲ್ಲಿರುವ ರೋಟ್ಯಾಕ್ಸ್ 912 ಎಂಜಿನ್ನಿಗೆ ಸುಮಾರು ಇಪ್ಪತ್ತೈದು ನಿಮಿಷದ ಹಾರಾಟ. ಪೊನ್ನಂಪೇಟೆ ಕಡೆಯ ಗದ್ದೆಬಯಲು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳು, ಮಾರ್ಚ್ ಮಧ್ಯಾಹ್ನಕ್ಕೆ ಇನ್ನೂ ತೆಳು. ಹಾಗಾಗಿ ಪ್ರತಿ ಕೆಜಿಗೂ ಬೆಲೆಯಿದೆ ಎನ್ನುವುದು ಸರಿ. ಆದರೆ 450 ಕೆಜಿಯ ವಿಮಾನದಲ್ಲಿ 5 ಕೆಜಿ ಇಳಿದರೆ ಟೇಕಾಫ್‌ನ 200 ಮೀಟರ್ ಓಟದಲ್ಲಿ ಉಳಿಯುವುದು ನಾಲ್ಕೈದು ಮೀಟರ್. ಹುಲ್ಲು ಇಬ್ಬನಿಯಲ್ಲಿ ತೊಯ್ದಿದ್ದರೆ ಅಷ್ಟೂ ಅಲ್ಲೇ ಹೋಗುತ್ತದೆ.

ತೂಕದ ಕೇಂದ್ರದ ಮಾತು ಬೇರೆ, ಅದನ್ನು ಲೆಕ್ಕ ಹಾಕದೆ ಬಿಡುವಂತಿಲ್ಲ. 400 ಕೆಜಿಯ ವಿಮಾನದಲ್ಲಿ ತೂಕದ ಕೇಂದ್ರದಿಂದ 1.2 ಮೀಟರ್ ಹಿಂದೆ ಕೂತಿರುವ ಬ್ಯಾಟರಿಯಿಂದ 5 ಕೆಜಿ ತೆಗೆದರೆ ಕೇಂದ್ರ 1.5 ಸೆಂಟಿಮೀಟರ್ ಮುಂದೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಬ್ಯಾಟರಿಯನ್ನೇ ಇನ್ನೂ ಹಿಂದಕ್ಕೆ ಒಯ್ಯುವವರಿದ್ದಾರೆ. ಮೂರು ಮೀಟರ್ ಹಿಂದಕ್ಕೆ ಒಯ್ದರೆ ಹೋಗಿ ಬರುವ ವೈರ್ 6 ಮೀಟರ್. 16 ಚದರ ಮಿಲಿಮೀಟರ್ ತಾಮ್ರದಲ್ಲಿ 150 ಆಂಪಿಯರ್ ಹರಿದಾಗ ದಾರಿಯಲ್ಲೇ 1 ವೋಲ್ಟ್ ಕರಗುತ್ತದೆ. 25ರ ವೈರ್ ಹಾಕಿದರೆ ನಷ್ಟ 0.6ಕ್ಕೆ ಇಳಿಯುತ್ತದೆ, ಆದರೆ ಬರೀ ತಾಮ್ರವೇ 1.3 ಕೆಜಿ ತೂಗುತ್ತದೆ. ಉಳಿಸಿದ್ದರಲ್ಲಿ ಕಾಲುಭಾಗ ವೈರಿಗೇ ಹೋಯಿತು. ಬ್ಯಾಟರಿ ಇದ್ದಲ್ಲೇ ಇರಲಿ, ತೂಕದ ಹಾಳೆಯನ್ನು ಹೊಸದಾಗಿ ಬರೆಯಿರಿ. ವಿಟಿ ನೋಂದಣಿಯ, ಅಂದರೆ ಭಾರತದಲ್ಲಿ ನೋಂದಾಯಿಸಿದ, ವಿಮಾನದಲ್ಲಿ ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿಲ್ಲದ ಬ್ಯಾಟರಿ ಹಾಕುವುದೆಂದರೆ ಮಾರ್ಪಾಡು ಎಂದೇ ಅರ್ಥ. ಅದರ ಕಾಗದಪತ್ರ ಮೊದಲು, ಸ್ಪ್ಯಾನರ್ ಆಮೇಲೆ.

ಈಗ ಸೆಲ್ಫ್. ರೋಟ್ಯಾಕ್ಸ್ 912 ಎಂಜಿನ್ನಿನ ಇಗ್ನಿಶನ್‌ಗೆ ಬ್ಯಾಟರಿ ಬೇಡ, ಅದು ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆದರೆ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟ್, ನಿಮಿಷಕ್ಕೆ 220 ಸುತ್ತಾದರೂ ತಿರುಗದೆ ಕಿಡಿ ಬರುವುದಿಲ್ಲ. ಬ್ಯಾಟರಿ ಅರೆಜೀವವಾಗಿದ್ದಾಗ ಸೆಲ್ಫ್ ಈ ಗಡಿಯ ಮೇಲೆ ಕೆಳಗೆ ತೂಗುತ್ತಿರುತ್ತದೆ. ಒಂದು ಕಿಡಿ ಹಾರಿ, ಪಿಸ್ಟನ್ ಮೇಲೆ ತಲುಪಲು ಬೇಕಾದ ವೇಗವೇ ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಒದೆತ ನೇರ ಸೆಲ್ಫ್‌ನ ಒನ್‌ವೇ ಕ್ಲಚ್ಚಿಗೆ, ಅಂದರೆ ಒಂದೇ ದಿಕ್ಕಿಗೆ ಹಿಡಿದು ತಿರುಗಿಸುವ ಭಾಗಕ್ಕೆ, ಬೀಳುತ್ತದೆ. ‘ಸೆಲ್ಫ್ ಮೋಟಾರ್ ಸುತ್ತುತ್ತದೆ, ಪ್ರೊಪೆಲ್ಲರ್ ಸುತ್ತುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಸವೆದ ಈ ಕ್ಲಚ್, ಅದರ ಹಿಂದೆ ಒಂದು ಸೀಸನ್ ಪೂರ್ತಿ ಎಳೆದಾಡಿದ ಬ್ಯಾಟರಿ. 80 ಅಶ್ವಶಕ್ತಿಯದ್ದಕ್ಕಿಂತ ಕಂಪ್ರೆಶನ್ ಜಾಸ್ತಿಯಿರುವ 100 ಅಶ್ವಶಕ್ತಿಯ 912 ಯುಎಲ್ಎಸ್ ಮಾದರಿಯಲ್ಲಿ ಇದು ಬೇಗ ಕಾಣಿಸುತ್ತದೆ.

ಲಿಥಿಯಂ ಗೆಲ್ಲುವುದು ಇಲ್ಲಿ. ಅದೇ ಲೋಡಿನಲ್ಲಿ ಅದರ ವೋಲ್ಟೇಜ್ ಸೀಸದಷ್ಟು ಕುಸಿಯುವುದಿಲ್ಲ, ಹಾಗಾಗಿ ಎಂಜಿನ್ ಚುರುಕಾಗಿ ತಿರುಗುತ್ತದೆ. ಚಳಿಗೆ ಲಿಥಿಯಂ ಮಂಕಾಗುತ್ತದೆ ಎಂಬ ಹೆದರಿಕೆ ಹಿಮ ಬೀಳುವ ದೇಶಗಳದ್ದು. ನಮ್ಮ ಜನವರಿ ಬೆಳಗಿನ 10–12 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಮೊದಲ ಸಲ ಕೊಂಚ ಸೋಮಾರಿ ಅನ್ನಿಸಿದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ. ಕರೆಂಟ್ ಹರಿದು ಸೆಲ್ಲುಗಳು ಬೆಚ್ಚಗಾದ ಮೇಲೆ ಎರಡನೆಯ ಸಲ ಜೋರಾಗಿಯೇ ತಿರುಗುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಹಾಗೆ ಹಿಡಿದಿದ್ದರೆ ಎರಡು ನಿಮಿಷ ಸೆಲ್ಫ್ ಆರಲಿ.

ಅಂಗಡಿಯಲ್ಲಿ ಮೋಸಹೋಗುವುದು ಆಂಪಿಯರ್-ಅವರ್ ಅಂಕಿಯಲ್ಲಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 12 ಎಂದಿರುತ್ತದೆ, ಪಕ್ಕದಲ್ಲಿ ಸಣ್ಣದಾಗಿ ‘ಸೀಸಕ್ಕೆ ಸಮಾನ’ ಎಂಬರ್ಥದ ಎರಡು ಅಕ್ಷರ. ಒಳಗಿನ ನಿಜವಾದ ಸಾಮರ್ಥ್ಯ 4 ಇರಬಹುದು. ಸುಳ್ಳು ಹೇಳದ ಅಂಕಿ ವ್ಯಾಟ್-ಅವರ್. ಅದನ್ನು 13.2ರಿಂದ ಭಾಗಿಸಿ: 60 ವ್ಯಾಟ್-ಅವರ್ ಎಂದಿದ್ದರೆ ನಿಮ್ಮ ಕೈಗೆ ಬರುವುದು 4.5 ಆಂಪಿಯರ್-ಅವರ್ ಮಾತ್ರ. ಸ್ಟಾರ್ಟ್ ಮಾಡಲು ಅಷ್ಟು ಧಾರಾಳ. 150 ಆಂಪಿಯರ್‌ನಂತೆ ಮೂರು ಸೆಕೆಂಡ್ ಎಳೆದರೂ ಖರ್ಚಾಗುವುದು 0.13. ಆದರೆ ಜನರೇಟರ್ ಕೈಕೊಟ್ಟಾಗ ರೇಡಿಯೋ, ಡಿಸ್‌ಪ್ಲೇ, ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಸೇರಿ 6 ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರ ಮುಕ್ಕಾಲು ಗಂಟೆ, ವಾಸ್ತವದಲ್ಲಿ ಅರ್ಧ. ಕಾರ್ಬ್ಯುರೇಟರ್‌ನ 912ಕ್ಕೆ ಇದು ಸಾಕು, ಕರೆಂಟ್ ಪೂರ್ತಿ ಹೋದರೂ ಎಂಜಿನ್ ನಿಲ್ಲುವುದಿಲ್ಲ. ಇಂಜೆಕ್ಷನ್‌ನ 912 ಐಎಸ್ ಕರೆಂಟ್ ಇಲ್ಲದೆ ಓಡದು. ಕೆಳಗೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಇಳಿಯಲು ನಡುವೆ ಬಳ್ಳಿಯಂತೆ ಹಾಯ್ದ ಗದ್ದೆ ಮಾತ್ರ ಇರುವ ನಾಡಿನಲ್ಲಿ ಐಎಸ್‌ಗೆ ಸಣ್ಣ ಬ್ಯಾಟರಿ ಹಾಕಲೇಬೇಡಿ.

ಬ್ಯಾಟರಿಯೊಳಗೆ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ಇದೆಯೇ ಎಂದು ಕೇಳುವುದಷ್ಟೇ ಸಾಲದು, ಅದು ಏನು ಮಾಡುತ್ತದೆ ಎಂದು ಕೇಳಿ. ಕೆಲವು ನಾಲ್ಕು ಸೆಲ್ಲುಗಳನ್ನು ಸಮ ಮಾಡುತ್ತವೆ ಅಷ್ಟೆ. ಒಳ್ಳೆಯವು ವೋಲ್ಟೇಜ್ ಮಿತಿ ಮೀರಿದರೆ ಅಥವಾ ತೀರಾ ಇಳಿದರೆ ಬ್ಯಾಟರಿಯನ್ನೇ ಕಡಿದುಹಾಕುತ್ತವೆ. ಕಡಿದುಹಾಕುವಂಥದ್ದಾದರೆ ಪ್ಯಾನೆಲ್ಲಿಗೆ ಎಚ್ಚರಿಕೆ ದೀಪದ ವೈರ್ ಇರಲೇಬೇಕು. ಹಾರುವಾಗ ಬ್ಯಾಟರಿ ಕಡಿದರೆ ಜನರೇಟರ್ ಒಬ್ಬಂಟಿಯಾಗುತ್ತದೆ, ವೋಲ್ಟೇಜ್ ಕುಣಿಯುತ್ತದೆ. ರೋಟ್ಯಾಕ್ಸ್ ವೈರಿಂಗ್‌ನಲ್ಲಿ 22,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುವುದು ಇಂಥ ಹೊತ್ತಿಗೇ. ‘ಹಳೇ ಡಬ್ಬಿ, ಯಾಕೆ ಬೇಕು’ ಎಂದು ಯಾರೋ ಬಿಚ್ಚಿಟ್ಟಿದ್ದರೆ ಲಿಥಿಯಂ ಹಾಕುವ ಮೊದಲು ಅದು ವಾಪಸ್ ಬರಲಿ. ಬೆಂಕಿಯ ಭಯಕ್ಕೆ 2013ರ ಜನವರಿಯಲ್ಲಿ ಬೋಯಿಂಗ್ 787ಗಳನ್ನೆಲ್ಲ ನೆಲಕ್ಕಿಳಿಸಿದ ಉದಾಹರಣೆ ಕೊಡುತ್ತಾರೆ. ಅದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಐರನ್ ಫಾಸ್ಫೇಟ್ ಅದಕ್ಕಿಂತ ಬಹಳ ಸಾಧು, ಆದರೂ ಎಂಜಿನ್ನಿನ ಬಿಸಿಗೆ ಅಂಟಿಸಿ ಕೂರಿಸುವಂಥದ್ದಲ್ಲ. ಎಂಜಿನ್ ನಿಲ್ಲಿಸಿದ ಮೇಲಿನ ಹತ್ತು ನಿಮಿಷ ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಒಳಗೆ ಎಷ್ಟು ಡಿಗ್ರಿ ಏರುತ್ತದೆ ನೋಡಿ. 60 ದಾಟಿದರೆ ಅಲ್ಲಿ ಲಿಥಿಯಂ ಬೇಡ.

ಇನ್ನು ಮಳೆಗಾಲ. ಬ್ಯಾಟರಿಯನ್ನು ಕೊಲ್ಲುವುದು ಹಾರಾಟವಲ್ಲ, ನಿಲುಗಡೆ. ಮಾಸ್ಟರ್ ಸ್ವಿಚ್ ಆಫ್ ಇದ್ದರೂ ಗಡಿಯಾರ, ಜಿಪಿಎಸ್ ನೆನಪು, ಮಧ್ಯೆ ಸೇರಿಸಿದ ಯುಎಸ್‌ಬಿ ಸಾಕೆಟ್ ಹನಿಹನಿಯಾಗಿ ಕರೆಂಟ್ ಕುಡಿಯುತ್ತಿರುತ್ತವೆ. ಬರೀ 10 ಮಿಲಿಆಂಪಿಯರ್ ಎಂದರೂ ತಿಂಗಳಿಗೆ 7.2 ಆಂಪಿಯರ್-ಅವರ್. ಸೀಸದ 16ರ ಬ್ಯಾಟರಿ ಎರಡು ತಿಂಗಳು ಹಲ್ಲು ಕಚ್ಚಿ ನಿಲ್ಲಬಹುದು, 4.5ರ ಲಿಥಿಯಂ ಮೂರು ವಾರದೊಳಗೆ ಖಾಲಿ. ಮಲ್ಟಿಮೀಟರನ್ನು ಮಿಲಿಆಂಪಿಯರ್‌ಗೆ ಇಟ್ಟು ಅರ್ಥ್ ವೈರಿನ ಮಧ್ಯೆ ಸೇರಿಸಿದರೆ ಸೋರಿಕೆ ಗೊತ್ತಾಗುತ್ತದೆ. ಮೀಟರ್ ಸೇರಿಸಿರುವಾಗ ಮರೆತೂ ಸೆಲ್ಫ್ ಒತ್ತಬೇಡಿ.

ಮೇ ಕೊನೆಗೆ ಬ್ಯಾಟರಿಯನ್ನು ವಿಮಾನದಿಂದಲೇ ಬಿಚ್ಚಿ, ಮೊದಲು ಅರ್ಥ್, ಆಮೇಲೆ ಪಾಸಿಟಿವ್. ಸೀಸದ್ದಾದರೆ ಪೂರ್ತಿ ಚಾರ್ಜ್ ಮಾಡಿ ಇಡಿ, 12.8 ವೋಲ್ಟ್ ತೋರಿಸಬೇಕು. ತಿಂಗಳಿಗೊಮ್ಮೆ ನೋಡಿ, 12.5ರ ಕೆಳಗೆ ಇಳಿಯಲು ಬಿಡಬೇಡಿ. ಇಳಿದೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲಿಥಿಯಂನ ಪದ್ಧತಿ ತಿರುಗಾಮುರುಗಾ: ಪೂರ್ತಿ ತುಂಬಿಸದೆ ಅರ್ಧಕ್ಕಿಂತ ತುಸು ಮೇಲೆ ಇಡಬೇಕು. ಅದರ ವೋಲ್ಟೇಜ್ ಮಾತ್ರ ನಂಬಿಸಿ ಕೈಬಿಡುತ್ತದೆ. 13.3 ಇದ್ದದ್ದು 13.2ಕ್ಕೆ ಬರುವಷ್ಟರಲ್ಲಿ ಒಳಗಿನದು ಎಷ್ಟೋ ಖರ್ಚಾಗಿರುತ್ತದೆ, 13.0 ಕಂಡರೆ ಕೂಡಲೇ ಚಾರ್ಜಿಗೆ ಹಾಕಿ. ಕರೆಂಟ್ ವಾರಗಟ್ಟಲೆ ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಇಲ್ಲೊಂದು ಅನುಕೂಲವಿದೆ. 2 ಆಂಪಿಯರ್ ಚಾರ್ಜರ್‌ಗೆ ಎರಡು ಗಂಟೆ ಕರೆಂಟ್ ಸಿಕ್ಕರೆ ಸಣ್ಣ ಲಿಥಿಯಂ ಬಹುಪಾಲು ತುಂಬುತ್ತದೆ. ಸೀಸಕ್ಕೆ ಇಡೀ ರಾತ್ರಿ ಬೇಕು. ಇಡುವ ಜಾಗ ಒಣಗಿರಲಿ, ಒಲೆಯ ಮೇಲಿನ ಅಟ್ಟ ಬೇಡ. ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯದಂತೆ ವ್ಯಾಸಲಿನ್ ಸವರಿ.

ಚಾರ್ಜರ್ ಬಗ್ಗೆ ಒಂದು ಕಟುಮಾತು. ಗ್ಯಾರೇಜಿನ ಚಾರ್ಜರ್‌ಗಳಲ್ಲಿ ಸಲ್ಫೇಟ್ ಕರಗಿಸುವ ಮೋಡ್ ಇರುತ್ತದೆ, ಅದು 15ರಿಂದ 16 ವೋಲ್ಟ್ ಹೊಡೆತ ಕೊಡುತ್ತದೆ. ಸೀಸಕ್ಕೆ ಅದು ಔಷಧ, ಲಿಥಿಯಂಗೆ ವಿಷ. ಲಿಥಿಯಂಗೆ 14.4–14.6ರಲ್ಲಿ ನಿಲ್ಲುವ ಅದರದೇ ಚಾರ್ಜರ್ ಕೊಳ್ಳಿ, ಬೆಲೆ ಕೇಳುವಾಗಲೇ ಅದನ್ನೂ ಸೇರಿಸಿ. ಟರ್ಮಿನಲ್ಲಿನಲ್ಲಿ ಸೊನ್ನೆ ವೋಲ್ಟ್ ಕಂಡರೆ ಬ್ಯಾಟರಿ ಸತ್ತಿದೆ ಎಂದೇನಲ್ಲ, ಬಿಎಂಎಸ್ ಬಾಗಿಲು ಹಾಕಿಕೊಂಡಿರಬಹುದು. ಸಾದಾ ಚಾರ್ಜರ್ ಅಂಥದ್ದನ್ನು ಬ್ಯಾಟರಿಯೆಂದೇ ಗುರುತಿಸುವುದಿಲ್ಲ, ಎಬ್ಬಿಸುವ ಸೌಲಭ್ಯವಿರುವ ಚಾರ್ಜರ್ ಬೇಕು.

ತೋಟದ ಜೀಪಿನಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿ ಹಾರಿಬಿಡುವ ಅಭ್ಯಾಸ ಸೀಸದ ಕಾಲದ್ದು. ಖಾಲಿ ಲಿಥಿಯಂ ಸಿಕ್ಕಷ್ಟು ಕರೆಂಟನ್ನು ಒಮ್ಮೆಗೇ ಎಳೆದುಕೊಳ್ಳುತ್ತದೆ. 912ರ ಜನರೇಟರ್ ಕೊಡುವುದೇ 18–20 ಆಂಪಿಯರ್. ಅದು ಪೂರ್ತಿ 4.5ರ ಬ್ಯಾಟರಿಗೆ ನುಗ್ಗಿದರೆ ಸೆಲ್ಲುಗಳೂ ಕಾಯುತ್ತವೆ, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೂಡ ಕಾಯುತ್ತದೆ. ಬಿಸಿಗೆ ರೆಗ್ಯುಲೇಟರ್ ಸುಡುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಖಾಲಿಯಾದ ಲಿಥಿಯಂ ಚಾರ್ಜರ್‌ನಲ್ಲಿ ತುಂಬಿದ ಮೇಲೆಯೇ ವಿಮಾನಕ್ಕೆ ಹೋಗಲಿ.

ಹೀಗಾಗಿ, ವಿಮಾನ ಒಂದೂರು, ಮಾಲೀಕರು ಬೆಂಗಳೂರು, ಮಳೆಗಾಲದಲ್ಲಿ ಶೆಡ್ಡಿನ ಕಡೆ ಸುಳಿಯುವವರಿಲ್ಲ ಎಂದಾದರೆ 7 ಕೆಜಿಯ ಎಜಿಎಂ ಹಾಕಿ ನೆಮ್ಮದಿಯಾಗಿರಿ. ಸೀಸನ್ನಿನಲ್ಲಿ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡುವ, ತಿಂಗಳಿಗೊಮ್ಮೆ ಮೀಟರ್ ಹಿಡಿಯುವ ಕೈ ಇರುವ ವಿಮಾನಕ್ಕೆ ಲಿಥಿಯಂ ಒಪ್ಪುತ್ತದೆ.

ಅಕ್ಟೋಬರ್‌ನಲ್ಲಿ ಯಾವುದನ್ನೇ ವಾಪಸ್ ಕೂರಿಸಿದರೂ ಸೆಲ್ಫ್ ಒತ್ತಿದಾಗ ಬ್ಯಾಟರಿಯ ಬಾಯಲ್ಲೂ ಸೆಲ್ಫ್‌ನ ಬೋಲ್ಟಿನಲ್ಲೂ ವೋಲ್ಟೇಜ್ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ವೈರಿನ ತುದಿಯ ಲಗ್, ಸೊಲೆನಾಯ್ಡ್ ಅಥವಾ ಅರ್ಥ್ ಬೋಲ್ಟಿನದು. ಇಲಿ ಕಡಿದ ವೈರ್ ಸಿಗುವುದೂ ಆಗಲೇ. ಎಂಜಿನ್ ಹಿಡಿದು ಬೆಚ್ಚಗಾದ ಮೇಲೆ 4,000 ಸುತ್ತಿನಲ್ಲಿ 13.8ರಿಂದ 14.3ರೊಳಗೆ ಇರಬೇಕು. 14.8 ದಾಟಿತೋ, ಎಂಜಿನ್ ನಿಲ್ಲಿಸಿ ರೆಗ್ಯುಲೇಟರ್ ಬದಲಿಸುವ ತನಕ ವಿಮಾನ ಶೆಡ್ಡಿನಲ್ಲೇ ಇರಲಿ.