ಎಕ್ಸೆಲ್‌ನಲ್ಲಿ ಅನುಕಲಕ್ಕೊಂದು ಫಂಕ್ಷನ್ ಏಕಿಲ್ಲ?

ಸರಾಸರಿಗೆ, ಬಡ್ಡಿಗೆ, ಮ್ಯಾಟ್ರಿಕ್ಸ್‌ನ ವಿಲೋಮಕ್ಕೂ ಎಕ್ಸೆಲ್‌ನಲ್ಲಿ ಸಿದ್ಧ ಫಂಕ್ಷನ್ ಇದೆ, ಅನುಕಲಕ್ಕೆ (ಇಂಟಿಗ್ರಲ್, ಅಂದರೆ ವಕ್ರರೇಖೆಯ ಕೆಳಗಿನ ಕ್ಷೇತ್ರಫಲ) ಇಲ್ಲ. ಕಾರಣ ಸ್ಪ್ರೆಡ್‌ಶೀಟಿನ ಹುಟ್ಟಿನಲ್ಲೇ ಇದೆ. 1979ರಲ್ಲಿ ಬಂದ, ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ತಂತ್ರಾಂಶ ವಿಸಿಕ್ಯಾಲ್ಕ್‌ನ ಕಾಲದಿಂದಲೂ ಒಂದು ಸೆಲ್ ಇನ್ನೊಂದಕ್ಕೆ ಕೊಡುವುದು ತನ್ನ ಮೌಲ್ಯವನ್ನು ಮಾತ್ರ, ಸೂತ್ರವನ್ನಲ್ಲ. ಅನುಕಲಕ್ಕೋ ಸೂತ್ರವೇ ಬೇಕು, ಅದನ್ನು ಹತ್ತಾರು ಬಿಂದುಗಳಲ್ಲಿ ಲೆಕ್ಕ ಹಾಕಬೇಕಲ್ಲ.

ಹಾಗಾಗಿ ಎಲ್ಲರೂ ಹಿಡಿದದ್ದು ತ್ರಾಪಿಜ್ಯದ ದಾರಿ: ಆ ಕ್ಷೇತ್ರವನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ತ್ರಾಪಿಜ್ಯವೆಂದು (ಎರಡು ಬದಿ ಸಮಾಂತರವಾಗಿರುವ ಚತುರ್ಭುಜ) ಎಣಿಸಿ ಕೂಡಿಸುವುದು. ಅದೇನೂ ಹೊಸದಲ್ಲ. ಗುರುಗ್ರಹ ಸಾಗಿದ ದೂರವನ್ನು ಬ್ಯಾಬಿಲೋನಿನ ಖಗೋಳಜ್ಞರು ಕ್ರಿಸ್ತಪೂರ್ವದಲ್ಲೇ ತ್ರಾಪಿಜ್ಯದ ಕ್ಷೇತ್ರಫಲವಾಗಿ ಎಣಿಸಿದ್ದರೆಂದು ಮಣ್ಣಿನ ಫಲಕಗಳ ಅಧ್ಯಯನವೊಂದು 2016ರಲ್ಲಿ ತೋರಿಸಿತು.

0ಯಿಂದ 1ರವರೆಗೆ ಎಕ್ಸ್‌ಪಿ(-ಎಕ್ಸ್²), ಅಂದರೆ ಇ ಎಂಬ ಸಂಖ್ಯೆಯ (ಸುಮಾರು 2.718) -ಎಕ್ಸ್² ಘಾತವನ್ನು ತೆಗೆದುಕೊಳ್ಳಿ. ಎ2ರಿಂದ ಎ12ರವರೆಗೆ =(ರೋ()-2)/10 ತುಂಬಿ. ಮೇಲಿನ ಸೆಲ್‌ಗೆ 0.1 ಕೂಡಿಸುತ್ತ ಹೋದರೆ ದ್ವಿಮಾನ ಪದ್ಧತಿಯ ಸಣ್ಣ ದೋಷಗಳು ಕೂಡುತ್ತವೆ. ಬಿ2ರಲ್ಲಿ =ಎಕ್ಸ್‌ಪಿ(-(ಎ2^2)) ಬರೆದು ಕೆಳಗೆ ಎಳೆಯಿರಿ. ಒಳಗಿನ ಆವರಣ ಬಿಟ್ಟೀರಿ ಜೋಕೆ! ಎಕ್ಸೆಲ್ ಘಾತಕ್ಕಿಂತ ಮೊದಲು ಋಣಚಿಹ್ನೆಯನ್ನು ಹಚ್ಚುತ್ತದೆ. ಅದರ ಪ್ರಕಾರ -2^2 ಎಂದರೆ 4. ಕೊನೆಗೆ:

=ಸಮ್‌ಪ್ರಾಡಕ್ಟ್((ಎ3:ಎ12-ಎ2:ಎ11)*(ಬಿ3:ಬಿ12+ಬಿ2:ಬಿ11))/2

ಉತ್ತರ 0.746211, ನಿಜವಾದದ್ದು 0.746824. ಆವರಣ ಮರೆತಿದ್ದರೆ 1.467 ಬರುತ್ತಿತ್ತು, ಯಾವ ಎಚ್ಚರಿಕೆಯೂ ಇಲ್ಲದೆ. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿದರೆ ದೋಷ ಸುಮಾರು ಕಾಲುಭಾಗವಾಗುತ್ತದೆ.

ಅದಕ್ಕಿಂತ ಅಗ್ಗದ ದಾರಿ ಸಿಂಪ್ಸನ್ ನಿಯಮ, ಪಟ್ಟಿಗಳ ಮೇಲಂಚನ್ನು ಸರಳರೇಖೆಯ ಬದಲು ಪರವಲಯದ ಬಾಗಿನಿಂದ ಮುಚ್ಚುವುದು. ಹೆಸರು 18ನೇ ಶತಮಾನದ ಥಾಮಸ್ ಸಿಂಪ್ಸನ್‌ನದಾದರೂ ಕೆಪ್ಲರ್ 1615ರಲ್ಲೇ ಮದ್ಯದ ಪೀಪಾಯಿಗಳನ್ನು ಅಳೆಯಲು ಇದರ ಮೂಲರೂಪವನ್ನು ಬಳಸಿದ್ದ. ಸಿ ಕಾಲಂನಲ್ಲಿ 1, 4, 2, 4… 4, 1 ಎಂದು ತೂಕಗಳನ್ನಿಟ್ಟು =ಸಮ್‌ಪ್ರಾಡಕ್ಟ್(ಬಿ2:ಬಿ12,ಸಿ2:ಸಿ12)*0.1/3 ಬರೆದರೆ ಅದೇ ಹನ್ನೊಂದು ಬಿಂದುಗಳಿಂದ 0.746825 ಸಿಗುತ್ತದೆ. ಪಟ್ಟಿಗಳ ಸಂಖ್ಯೆ ಸಮವಾಗಿರಬೇಕು, ಅಗಲ ಒಂದೇ ಇರಬೇಕು. ಪ್ರಯೋಗಾಲಯದ ಏರುಪೇರಿನ ಅಳತೆಗಳಿಗಾದರೆ ತ್ರಾಪಿಜ್ಯವೇ ಸರಿ.

ಹಳೆಯ ಅಡ್ಡಿ ಕಳಚಿದ್ದು ಎಕ್ಸೆಲ್‌ನ ಲ್ಯಾಂಬ್ಡಾ ಫಂಕ್ಷನ್‌ನಿಂದ. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಸೌಲಭ್ಯದಲ್ಲಿ ಸೂತ್ರವನ್ನೇ ಇನ್ನೊಂದು ಸೂತ್ರದ ಕೈಗೆ ಕೊಡಬಹುದು. ನೇಮ್ ಮ್ಯಾನೇಜರ್‌ನಲ್ಲಿ (ಸೂತ್ರಗಳಿಗೆ ಹೆಸರಿಡುವ ಕಿಟಕಿ) 'ಅನುಕಲ' ಎಂಬ ಹೆಸರಿಗೆ ಇದನ್ನು ಕೊಡಿ; ಇಲ್ಲಿ ಎಫ್ ಎಂದರೆ ಸೂತ್ರ, ಎ ಮತ್ತು ಬಿ ಎರಡು ತುದಿಗಳು, ಎನ್ ಪಟ್ಟಿಗಳ ಸಂಖ್ಯೆ, ಎಚ್ ಪಟ್ಟಿಯ ಅಗಲ:

=ಲ್ಯಾಂಬ್ಡಾ(ಎಫ್,ಎ,ಬಿ,ಎನ್,ಲೆಟ್(ಎಚ್,(ಬಿ-ಎ)/ಎನ್,ಎಚ್*ಸಮ್(ಎಫ್(ಸೀಕ್ವೆನ್ಸ್(ಎನ್,1,ಎ+ಎಚ್/2,ಎಚ್)))))

ಇದು ಪ್ರತಿ ಪಟ್ಟಿಯ ನಡುಬಿಂದುವನ್ನು ಮಾತ್ರ ಮುಟ್ಟುತ್ತದೆ. ಅದರಿಂದ ಒಂದು ಅನುಕೂಲ, ಅದರ ಬೆನ್ನಿಗೇ ಒಂದು ಅಪಾಯ. 1/√ಎಕ್ಸ್ ಅನ್ನು 0ಯಿಂದ 1ರವರೆಗೆ ಕೊಟ್ಟರೆ ಸೊನ್ನೆಯಿಂದ ಭಾಗಿಸಿದ ದೋಷ ಕಾಣಿಸದು. ಆದರೆ ಸಾವಿರ ಪಟ್ಟಿಗಳ ಮೇಲೂ ಉತ್ತರ 2ರ ಬದಲು 1.981ರಲ್ಲೇ ನಿಂತಿರುತ್ತದೆ.