ಚಿಕನ್ ಅಂಗಡಿಯಲ್ಲಿ ಒಂದು ಇಲಿ ಜೋಡಿಸುವುದು

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮ ಬೀದಿಯ ಚಿಕನ್ ಅಂಗಡಿ ಮುಂದೆ ಜನ ಸೇರಿರುತ್ತಾರೆ. ಅಂಗಡಿಯ ಹುಡುಗ ಮೊದಮೊದಲು ನನ್ನನ್ನೂ ಎಲ್ಲರ ಹಾಗೇ ಕೇಳುತ್ತಿದ್ದ. "ಬೋನ್‌ಲೆಸ್ ಅರ್ಧ ಕೆಜಿನಾ ಅಕ್ಕಾ? ಬ್ರೆಸ್ಟ್ ಪೀಸ್ ಹಾಕ್ಲಾ? ಚೆನ್ನಾಗಿದೆ."

"ಬೇಡಪ್ಪಾ, ಕಾಲಿಂದು ಕೊಡು. ಗುಂಡಿಗೆ ಇದ್ದಷ್ಟೂ ಹಾಕು. ಲಿವರ್ ಮಾತ್ರ ಒಂದೇ ಒಂದು."

ಅವನು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದ. "ಇದು ಯಾವ್ ಅಡುಗೆ ಅಕ್ಕಾ?"

"ಬೆಕ್ಕಿಂದು."

ಹಿಂದೆ ನಿಂತಿದ್ದವರು ನಕ್ಕರು. ನಗಲಿ. ಒಳ್ಳೆಯ ಬ್ರೆಸ್ಟ್ ಪೀಸ್ ಬಿಟ್ಟು ಅಗ್ಗದ ಕಾಲು, ಗುಂಡಿಗೆ ಕೇಳುವುದರ ಹಿಂದೆ ಇನ್ನೂರು ವರ್ಷದ ಒಂದು ಕಥೆ ಇದೆ. ಅದು ಶುರುವಾಗುವುದು ಎತ್ತಿನ ಪಿತ್ತದಿಂದ.

ಅದಕ್ಕೂ ಮೊದಲು ನಮ್ಮಮ್ಮನ ಪ್ರಶ್ನೆಗೆ ಉತ್ತರ ಹೇಳಿಬಿಡಬೇಕು. "ಅಜ್ಜಿ ಮನೆ ಬೆಕ್ಕು ಬರೀ ಹಾಲನ್ನ ತಿಂದು ಗುಂಡುಗುಂಡಗೆ ಇತ್ತಲ್ಲ, ನಿನ್ನ ಚುಕ್ಕಿಗೆ ಇದೆಲ್ಲ ಯಾಕೆ?" ಅಂತ ಅಮ್ಮ ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ. ಅಜ್ಜಿ ಮನೆಯ ಬೆಕ್ಕು ಹಾಲನ್ನ ತಿಂದಿದ್ದು ನಿಜ. ಆದರೆ ಅದರ ನಿಜವಾದ ಊಟ ಅಟ್ಟದ ಮೇಲೆ, ಭತ್ತದ ಮೂಟೆಗಳ ಸಂದಿಯಲ್ಲಿ ನಡೆಯುತ್ತಿತ್ತು. ಅಜ್ಜಿ ಹಾಕುತ್ತಿದ್ದ ತಟ್ಟೆ ಬರೀ ಬಾಯಿ ರುಚಿಗೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ಚುಕ್ಕಿಗೆ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ನಾನು ಹಾಕಿದ್ದೇ ಗತಿ.

ಒಂದು ಸುಂಡಿಲಿ ಅಂದರೆ ಬೆಕ್ಕಿನ ಲೆಕ್ಕದಲ್ಲಿ ಸುಮಾರು 30 ಕ್ಯಾಲರಿ. ದೊಡ್ಡ ಬೆಕ್ಕಿಗೆ ದಿನಕ್ಕೆ ಎಂಟು–ಹತ್ತು ಇಲಿ ಬೇಕು. ಇಲಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಉಳಿದದ್ದರಲ್ಲಿ ಮಾಂಸ, ಒಂದಿಷ್ಟು ಕೊಬ್ಬು, ಕಡ್ಡಿಯಂಥ ಎಲುಬು, ಪುಟ್ಟ ಗುಂಡಿಗೆ, ಪುಟ್ಟ ಲಿವರ್, ರಕ್ತ ಎಲ್ಲ ಇರುತ್ತವೆ. ಬೆಕ್ಕು ಇದನ್ನೆಲ್ಲ ಒಟ್ಟಿಗೆ ನುಂಗುತ್ತದೆ. ನಾವು ಅಂಗಡಿಯಲ್ಲಿ ಕೊಳ್ಳುವುದಾದರೋ ಇಲಿಯ ಒಂದು ಭಾಗದಂಥದ್ದನ್ನು ಮಾತ್ರ. ಮನೆಯಲ್ಲಿ ಬೆಕ್ಕಿಗೆ ಊಟ ಮಾಡಿಹಾಕುವವರ ಕೆಲಸ ಇಷ್ಟೇ: ಚೂರುಚೂರು ತಂದು ಮತ್ತೆ ಒಂದು ಇಲಿ ಜೋಡಿಸಬೇಕು. ಕೇಳಲು ಸುಲಭ.

ಈಗ ಎತ್ತಿನ ಪಿತ್ತ. 1827ರಲ್ಲಿ ಜರ್ಮನಿಯ ಟೀಡೆಮಾನ್ ಮತ್ತು ಗ್ಮೆಲಿನ್ ಎಂಬ ಇಬ್ಬರು ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಎತ್ತು, ಗೂಳಿಗೆ 'ಟಾರಸ್' ಅನ್ನುತ್ತಾರೆ. ಅದರಿಂದ 'ಟೌರಿನ್' ಎಂಬ ಹೆಸರು ಬಂತು. ಅದರಿಂದ ಬೆಕ್ಕಿಗೆ ಏನು ಕೆಲಸ ಅಂತ ಗೊತ್ತಾಗಲು ಮತ್ತೆ ಸುಮಾರು 150 ವರ್ಷ ಹಿಡಿಯಿತು. 1975ರಲ್ಲಿ ಅಮೆರಿಕದ ಸಂಶೋಧಕರು ಟೌರಿನ್ ಇಲ್ಲದ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಹಿಂಪರದೆ ಹಾಳಾಗುತ್ತದೆ ಎಂದು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಯನ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಸಂಗತಿ ಕಂಡುಹಿಡಿದರು. ಆ ಕಾಲದಲ್ಲಿ ಎಷ್ಟೋ ಸಾಕು ಬೆಕ್ಕುಗಳು ಗುಂಡಿಗೆ ಊದಿಕೊಂಡು, ಬಲಹೀನವಾಗಿ ಸಾಯುತ್ತಿದ್ದವು. ಅವುಗಳ ರಕ್ತದಲ್ಲಿ ಟೌರಿನ್ ತೀರಾ ಕಡಿಮೆ ಇತ್ತು. ಟೌರಿನ್ ಕೊಟ್ಟಾಗ ಹಲವು ಬೆಕ್ಕುಗಳ ಗುಂಡಿಗೆ ಚೇತರಿಸಿಕೊಂಡಿತು. ಪ್ಯಾಕೆಟ್ ಆಹಾರ ಮಾಡುವ ಕಂಪನಿಗಳು ಟೌರಿನ್ ಪ್ರಮಾಣ ಹೆಚ್ಚಿಸಿದ ಮೇಲೆ ಆ ಕಾಯಿಲೆಯೇ ಅಪರೂಪವಾಯಿತು.

ನಮ್ಮ ಮೈಯಲ್ಲಿ ಟೌರಿನ್ ತಯಾರಾಗುತ್ತದೆ. ನಾಯಿಗಳೂ ಸಾಮಾನ್ಯವಾಗಿ ಮಾಡಿಕೊಳ್ಳುತ್ತವೆ. ಬೆಕ್ಕಿಗೆ ಆ ಶಕ್ತಿ ತೀರಾ ಕಡಿಮೆ. ಅದರ ಮೇಲೆ ಇನ್ನೊಂದು ತೊಂದರೆ ಇದೆ. ಪಿತ್ತದ ಆಮ್ಲಗಳನ್ನು ಕರುಳಿಗೆ ಕಳಿಸುವಾಗ ಅವಕ್ಕೆ ಏನಾದರೊಂದು ಜೋಡಿಸಬೇಕು. ನಾವು ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನಾದರೂ ಜೋಡಿಸುತ್ತೇವೆ, ಟೌರಿನ್ ಅನ್ನಾದರೂ ಸರಿ. ಬೆಕ್ಕಿಗೆ ಟೌರಿನ್ನೇ ಆಗಬೇಕು. ಹಾಗಾಗಿ ದಿನವೂ ಅಷ್ಟಿಷ್ಟು ಸೋರಿಹೋಗುತ್ತಲೇ ಇರುತ್ತದೆ. ಕೊಡ ತೂತು, ನಲ್ಲಿಯೂ ಸಣ್ಣದು. ದಿನಾ ಹೊರಗಿಂದ ತುಂಬಲೇಬೇಕು.

ತುಂಬುವುದು ಎಲ್ಲಿಂದ? ಇಲ್ಲೇ ನಮ್ಮ ಕೋಳಿ ಕಾಲು ಬರುವುದು. ಕೋಳಿಯ ಬಿಳಿ ಎದೆಮಾಂಸ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಟೌರಿನ್ 20 ಮಿಲಿಗ್ರಾಂ ಕೂಡ ಸಿಗುವುದು ಕಷ್ಟ. ಅಷ್ಟೇ ತೂಕದ ಕಾಲಿನ ಮಾಂಸದಲ್ಲಿ ಸುಮಾರು 170 ಮಿಲಿಗ್ರಾಂ ಇರುತ್ತದೆ. ಅದೇ ಕೋಳಿ, ಅದೇ ಅಂಗಡಿ, ಎಂಟೊಂಬತ್ತು ಪಟ್ಟು ವ್ಯತ್ಯಾಸ! ಫಾರಂ ಕೋಳಿ ರೆಕ್ಕೆ ಬಡಿದು ಹಾರುವುದೇ ಇಲ್ಲ, ಎದೆಗೆ ಕೆಲಸವಿಲ್ಲ. ಕಾಲಿಗಾದರೂ ನಿಂತುಕೊಳ್ಳುವ ಕೆಲಸ ಇದೆ. ಸದಾ ದುಡಿಯುವ, ಬಣ್ಣ ಗಾಢವಾಗಿರುವ ಸ್ನಾಯುಗಳಲ್ಲಿ ಟೌರಿನ್ ಜಾಸ್ತಿ. ಒಂದು ಕ್ಷಣವೂ ಬಿಡುವಿಲ್ಲದ ಗುಂಡಿಗೆಯಲ್ಲೂ ಚೆನ್ನಾಗಿಯೇ ಇರುತ್ತದೆ. ಜಿಮ್‌ಗೆ ಹೋಗುವವರು ಬ್ರೆಸ್ಟ್ ಪೀಸ್ ಒಯ್ಯಲಿ, ನಮ್ಮದೇನೂ ತಕರಾರಿಲ್ಲ.

ಟೌರಿನ್ ನೀರಿನಲ್ಲಿ ಕರಗುತ್ತದೆ. ಮಾಂಸ ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದರ ಜೊತೆ ಟೌರಿನ್ ಕೂಡ ಸಿಂಕಿಗೆ ಹೋಗುತ್ತದೆ. ಬೇಯಿಸುವವರು ಆ ನೀರನ್ನೂ ಬೆಕ್ಕಿನ ಬಟ್ಟಲಿಗೇ ಸುರಿಯಬೇಕು. ಆದರೆ ಮನೆಮಂದಿಗೆ ಮಾಡಿದ ಸಾರಿನಿಂದ ಎತ್ತಿಕೊಟ್ಟ ಪೀಸ್ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ತೊಳೆದು ಕೊಟ್ಟರೂ ಅದು ಹೋಗುವುದಿಲ್ಲ.

ಇನ್ನು ಎಲುಬಿನ ವಿಷಯ. ಕೊನೆಯಲ್ಲಿ ಜನ ಎಡವುವುದು ಇಲ್ಲೇ. ಬೋನ್‌ಲೆಸ್ ಮಾಂಸ 100 ಗ್ರಾಂ ಅಂದರೆ ರಂಜಕ 200 ಮಿಲಿಗ್ರಾಂ ಹತ್ತಿರ, ಕ್ಯಾಲ್ಸಿಯಂ ಬರೀ 10ರ ಆಸುಪಾಸು. ಬೆಕ್ಕಿಗೆ ಬೇಕಾದದ್ದು ಎರಡೂ ಹೆಚ್ಚುಕಡಿಮೆ ಸಮಸಮ. ಬರೀ ಮಾಂಸ ತಿನ್ನುವ ಮರಿಗೆ ಕ್ಯಾಲ್ಸಿಯಂ ಸಾಲದೆ ಮೈ ತನ್ನ ಎಲುಬಿನಿಂದಲೇ ಅದನ್ನು ಕರಗಿಸಿ ತೆಗೆದುಕೊಳ್ಳುತ್ತದೆ. ಮರಿ ಗುಂಡಗೆ, ಮುದ್ದಾಗಿ ಕಾಣುತ್ತಿರುತ್ತದೆ. ಒಂದು ದಿನ ಸೋಫಾದಿಂದ ಹಾರುತ್ತದೆ, ಕಾಲು ಮುರಿಯುತ್ತದೆ. ಪಶುವೈದ್ಯರಿಗೆ ಇದು ಹಳೆಯ, ಬೇಸರದ ಕಥೆ.

ಮೊಟ್ಟೆಯ ಚಿಪ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಚಿಪ್ಪು ಸುಮಾರು 5 ಗ್ರಾಂ, ಅದರಲ್ಲಿ 2 ಗ್ರಾಂನಷ್ಟು ಕ್ಯಾಲ್ಸಿಯಂ. ಒಂದು ಕೆಜಿ ಬೋನ್‌ಲೆಸ್ ಮಾಂಸದಲ್ಲಿರುವ ರಂಜಕಕ್ಕೆ ಅದು ಸರಿಹೋಗುತ್ತದೆ. ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಬೇಕು. ನನ್ನ ಮಿಕ್ಸಿಯ ಚಿಕ್ಕ ಜಾರು ಈ ಕೆಲಸದಿಂದಾಗಿ ಮಬ್ಬಾಗಿದೆ. ಅಮ್ಮ ಬಂದಾಗ ಅದನ್ನು ಒಳಗಿಡುತ್ತೇನೆ. ಬೇಯಿಸಿದ ಎಲುಬು ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಲಿವರ್ ಒಂದೇ ಯಾಕೆ? ಕ್ಯಾರೆಟ್ಟಿನ ಬಣ್ಣವನ್ನು ಎ ವಿಟಮಿನ್ ಆಗಿ ಮಾಡಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ತಯಾರಾದ ಎ ವಿಟಮಿನ್ನೇ ಬೇಕು, ಅದು ಲಿವರ್‌ನಲ್ಲಿ ದಂಡಿಯಾಗಿದೆ. ಆದರೆ ಇದು ಮೈಯಲ್ಲಿ ಶೇಖರವಾಗುವ ವಿಟಮಿನ್. ಅಗ್ಗ ಅಂತ ದಿನಾ ಲಿವರ್ ಹಾಕಿದರೆ ತಿಂಗಳುಗಳಲ್ಲಿ ಕುತ್ತಿಗೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡು, ಬೆಕ್ಕಿಗೆ ಕತ್ತು ತಿರುಗಿಸಿ ಮೈ ನೆಕ್ಕಿಕೊಳ್ಳಲೂ ಆಗದ ಸ್ಥಿತಿ ಬರುತ್ತದೆ. ನೂರು ಗ್ರಾಂ ಊಟಕ್ಕೆ ಐದು ಗ್ರಾಂ ಲಿವರ್ ಸಾಕು.

ಮೀನಿನ ಬಗ್ಗೆ ಎಲ್ಲರಿಗೂ ಒಂದು ಕಲ್ಪನೆ ಇದೆ, ಬೆಕ್ಕು ಅಂದರೆ ಮೀನು ಅಂತ. ಸಾಕು ಬೆಕ್ಕಿನ ಮೂಲ ಅರಬ್ ನಾಡಿನ ಕಡೆಯ ಒಣಭೂಮಿಯ ಕಾಡುಬೆಕ್ಕು. ಅದಕ್ಕೆ ಸಮುದ್ರದ ಮುಖವೇ ಗೊತ್ತಿರಲಿಲ್ಲ! ಮಂಗಳೂರಿನ ಬೂತಾಯಿಯ ಬಳಗದ ಹಲವು ಮೀನುಗಳಲ್ಲಿ, ಕೆರೆಯ ಗೆಂಡೆಯ ಬಳಗದಲ್ಲಿ, ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಅನ್ನು ಒಡೆದುಹಾಕುತ್ತದೆ. ಇಂಥ ಹಸಿ ಮೀನನ್ನೇ ದಿನಾ ತಿಂದರೆ ಬೆಕ್ಕಿನ ತಲೆ ಎದೆಯ ಕಡೆ ಬಾಗುತ್ತದೆ, ಓಲಾಡುತ್ತದೆ, ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ವಾರಕ್ಕೊಮ್ಮೆ ಬೆಂದ ಮೀನಿನ ತುಂಡು ಸಾಕು.

ಮಟನ್ ಒಳ್ಳೆಯದು. ಅದರಲ್ಲಿ ಕಬ್ಬಿಣ, ಸತು ಜಾಸ್ತಿ. ಆದರೆ ಅದರ ಟೌರಿನ್ ಕೋಳಿ ಕಾಲಿನಷ್ಟಿಲ್ಲ, ರೇಟಂತೂ ಕೇಳಬೇಡಿ. ಖೈಮಾ ಮಾಡಿಸುವಾಗ ಒಂದು ಗುಂಡಿಗೆ ಸೇರಿಸಿ ಅಂದರೆ ಮಟನ್ ಅಂಗಡಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಹಂದಿ ಮಾಂಸವನ್ನು ಹಸಿಯಾಗಿ ಕೊಡಲೇಬಾರದು.

ಒಂದೇ ಬಗೆಯ ಮಾಂಸಕ್ಕೆ ಅಂಟಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಡೇವಿಸ್‌ನಲ್ಲೇ ಒಂದು ಪಾಠ ಸಿಕ್ಕಿತು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಲಿನವರು ಬೆಕ್ಕುಗಳಿಗೆ ಇಡೀ ಮೊಲವನ್ನು, ಎಲುಬು ಸಮೇತ ಅರೆದು, ಹಸಿಯಾಗಿ ಕೊಟ್ಟರು. ಇದಕ್ಕಿಂತ ಸಹಜವಾದ ಊಟ ಯಾವುದಿದೆ ಅಲ್ವಾ? ಮೈ ಹೊಳೆಯಿತು, ಮಲ ಗಟ್ಟಿಯಾಯಿತು. ಆಮೇಲೆ ಒಂದು ಬೆಕ್ಕು ಇದ್ದಕ್ಕಿದ್ದಂತೆ ಸತ್ತುಬಿತ್ತು. ಕಾರಣ ಮತ್ತದೇ ಟೌರಿನ್ ಕೊರತೆಯ ಗುಂಡಿಗೆ ಕಾಯಿಲೆ. ಮೊಲದ ಮಾಂಸದಲ್ಲಿ ಟೌರಿನ್ ಕಡಿಮೆ. ಇಡೀ ಪ್ರಾಣಿ ಕೊಟ್ಟರೂ ಅದು ಇಲಿಯ ಬದಲಿ ಆಗಲಿಲ್ಲ.

ಹಾಗಾದರೆ ಹಸಿ ಕೊಡಬೇಕೋ, ಬೇಯಿಸಿ ಕೊಡಬೇಕೋ? ಹಸಿಯ ಪರ ಇರುವವರು ಕ್ಯಾಲಿಫೋರ್ನಿಯಾದ ವೈದ್ಯ ಫ್ರಾನ್ಸಿಸ್ ಪಾಟೆಂಜರ್ ಹೆಸರು ಎತ್ತದೆ ಬಿಡುವುದಿಲ್ಲ. 1932ರಿಂದ 1942ರವರೆಗೆ ಆತ ನೂರಾರು ಬೆಕ್ಕು ಸಾಕಿ ನೋಡಿದ. ಬೆಂದ ಮಾಂಸ ತಿಂದ ಬೆಕ್ಕುಗಳ ಮರಿ ಮೊಮ್ಮರಿಗಳು ಕಾಯಿಲೆ ಬಿದ್ದವು, ಹಸಿ ತಿಂದವು ಗಟ್ಟಿಮುಟ್ಟಾಗಿದ್ದವು. ಆದರೆ ಬೆಕ್ಕಿಗೆ ಟೌರಿನ್ ಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬೇಯಿಸುವಾಗ ಅದು ಕಳೆದುಹೋಗಿರಬೇಕು ಅನ್ನುವುದು ಇವತ್ತಿನ ವಿವರಣೆ.

ನಾನೂ ಚುಕ್ಕಿಗೆ ಒಂದು ವರ್ಷ ಹಸಿಯಾಗಿಯೇ ಕೊಟ್ಟೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯ ಇತ್ತು. ಫ್ರೀಜರಿನಲ್ಲಿ ಅದು ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ. ಬೆಕ್ಕು ಅದನ್ನು ಅರಗಿಸಿಕೊಂಡರೂ ಮಲದಲ್ಲಿ ಹೊರಹಾಕಿ ಮನೆಯವರಿಗೆ ಅಂಟಿಸಬಹುದು. ಹಸಿ ಮಟನ್ನಿನಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಅದು ಗರ್ಭಿಣಿಯರಿಗೆ ಅಪಾಯ. ಕೈ ತೊಳೆದುಕೊಳ್ಳುತ್ತಾ ಹೇಗೋ ನಡೆಸಿದ್ದೆ. ಮನಸ್ಸು ಬದಲಾಯಿಸಿದ್ದು ಹಕ್ಕಿಜ್ವರ. 2024ರ ಕೊನೆಯಲ್ಲಿ ಅಮೆರಿಕದ ಆರೆಗನ್‌ನಲ್ಲಿ ಮನೆಯಿಂದ ಹೊರಗೇ ಹೋಗದ ಒಂದು ಬೆಕ್ಕು ಹಕ್ಕಿಜ್ವರದ ಎಚ್5ಎನ್1 ವೈರಸ್‌ನಿಂದ ಸತ್ತಿತು. ಅದು ತಿಂದ ಹಸಿ ಟರ್ಕಿ ಮಾಂಸದಲ್ಲಿ ಅದೇ ವೈರಸ್ ಸಿಕ್ಕಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲಿ ಅದು ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆಯ ಕೋಳಿಗಳಲ್ಲೂ ಬಂತು. ಫ್ರೀಜರ್ ಈ ವೈರಸ್ಸನ್ನೂ ಕೊಲ್ಲುವುದಿಲ್ಲ. ಒಲೆ ಕೊಲ್ಲುತ್ತದೆ.

ಅವತ್ತಿನಿಂದ ನಾನು ಮಾಂಸವನ್ನು ಸ್ವಲ್ಪವೇ ನೀರಿನಲ್ಲಿ, ಒಳಗಿನ ಕೆಂಪು ಹೋಗುವವರೆಗೆ ಬೇಯಿಸುತ್ತೇನೆ. ನೀರು ಚೆಲ್ಲುವುದಿಲ್ಲ. ಆರಿದ ಮೇಲೆ ಚಿಪ್ಪಿನ ಪುಡಿ, ಟೌರಿನ್ ಪುಡಿ, ಡಾಕ್ಟರು ಹೇಳಿದ ವಿಟಮಿನ್–ಖನಿಜದ ಮಿಶ್ರಣ ಬೆರೆಸುತ್ತೇನೆ. ಆ ಮಿಶ್ರಣ ಇಲ್ಲದೆ ಬರೀ ಮಾಂಸದ ಆಯ್ಕೆಯಿಂದ ಎಲ್ಲ ಸರಿಹೋಗುವುದಿಲ್ಲ. 2019ರಲ್ಲಿ ಡೇವಿಸ್‌ನ ತಂಡ ಬೆಕ್ಕಿನ ಮನೆಯೂಟದ ನೂರಕ್ಕೂ ಹೆಚ್ಚು ರೆಸಿಪಿಗಳನ್ನು ಕೂಡಿಹಾಕಿ ಲೆಕ್ಕ ಹಾಕಿತು. ಪೋಷಕಾಂಶಗಳೆಲ್ಲ ಪೂರ್ತಿ ಸಿಗುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಪಶುವೈದ್ಯರು ಬರೆದವೂ ಅದರಲ್ಲಿದ್ದವು.

ಇಷ್ಟೆಲ್ಲ ಮಾಡಿ ಬಟ್ಟಲು ಮುಂದಿಟ್ಟರೆ ಚುಕ್ಕಿ ತಿನ್ನಬೇಕಲ್ಲ. ಮರಿಯಿದ್ದಾಗ ತಿಂದ ರುಚಿಯನ್ನೇ ಬೆಕ್ಕು ಊಟ ಅಂದುಕೊಳ್ಳುತ್ತದೆ. "ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ಹೊಸ ಮಾಂಸವನ್ನು ಮೊದಲು ಉಗುರಿನಷ್ಟು ಹಳೆಯದರ ಜೊತೆ ಬೆರೆಸಿ, ಹತ್ತು ದಿನ ಹಾಗೇ ನಡೆಸಬೇಕು.

ಕಳೆದ ತಿಂಗಳು ಮಟನ್ ಗುಂಡಿಗೆ ಶುರು ಮಾಡಿದೆ. ಏಳನೇ ದಿನ ಬಟ್ಟಲು ಸ್ವಚ್ಛವಾಗಿತ್ತು. ಗೆದ್ದೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ಫ್ರಿಜ್ ಕೆಳಗಿಂದ ಅಡುಗೆಮನೆ ಬಾಗಿಲವರೆಗೆ ಇರುವೆ ಸಾಲು. ಪೊರಕೆ ಕಡ್ಡಿಯಿಂದ ಎಳೆದರೆ ಗುಂಡಿಗೆಯ ಏಳು ಚೂರು ಸಿಕ್ಕಿದವು, ದಿನಕ್ಕೊಂದರಂತೆ.