ಮಂತ್ರವೂ ಇದೆ, ಅನ್ಯಗ್ರಹದವರೂ ಇದ್ದಾರೆ: ಇದು ವೈಜ್ಞಾನಿಕ ಕಾದಂಬರಿಯೇ?

ಪ್ರಶ್ನೆ: ಹದಿಹರೆಯದವರಿಗಾಗಿ ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ಅನ್ಯಗ್ರಹದ ನೌಕೆ ಇಳಿಯುತ್ತದೆ, ನಾಯಕಿಗೆ ಮಂತ್ರಶಕ್ತಿ ಇದೆ. ಎರಡನ್ನೂ ಬೆರೆಸಿದರೆ ಅದು ವೈಜ್ಞಾನಿಕ ಕಾದಂಬರಿ ಎನಿಸೀತೇ?

ಎನಿಸುತ್ತದೆ, ಬೆರೆಸಿ. ಹೆಸರಿನ ಚಿಂತೆ ಪ್ರಕಾಶಕರಿಗೆ ಬಿಡಿ. ಆದರೆ ಈ ಪ್ರಶ್ನೆಯ ಬೆನ್ನಿಗೇ ಪ್ರತಿ ಸಲವೂ ಒಂದು ಮಾತು ಬರುತ್ತದೆ: "ಮಂತ್ರ ಅಂದ ಮೇಲೆ ಲೆಕ್ಕ ಯಾಕೆ? ಏನು ಬೇಕಾದರೂ ಆಗಬಹುದಲ್ಲ!" ಇದೊಂದನ್ನು ತಲೆಯಿಂದ ತೆಗೆದರೆ ಹಸ್ತಪ್ರತಿ ಅರ್ಧ ಸರಿಹೋಗುತ್ತದೆ.

ಏನು ಬೇಕಾದರೂ ಆಗುವುದಾದರೆ ನಾಯಕಿ ಮೊದಲ ಅಧ್ಯಾಯದಲ್ಲೇ ನೌಕೆಯನ್ನು ಓಡಿಸಿಬಿಡಲಿ. ಉಳಿದ ಇನ್ನೂರು ಪುಟ ಯಾಕೆ? ಕುಂಬಳೆ ಸೀಮೆಯಲ್ಲಿ ಯಕ್ಷಗಾನ ನೋಡುತ್ತ ಬೆಳೆದವರೂ ಹೀಗೆ ಕೇಳುತ್ತಾರಲ್ಲ ಎಂಬುದೇ ಬೇಸರ. ಹಿರಣ್ಯಕಶಿಪುವಿನ ವರವೆಂದರೆ ಶರತ್ತುಗಳ ಪಟ್ಟಿ: ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ. ಪ್ರಸಂಗ ನಿಂತಿರುವುದೇ ಆ ಶರತ್ತುಗಳ ಸಂದಿಯಲ್ಲಿ.

ಮಂತ್ರಕ್ಕೆ ಶಕ್ತಿ ಎಲ್ಲಿಂದ ಬರುತ್ತದೆಂದು ಮೊದಲು ನಿರ್ಧರಿಸಿ. ನಾಯಕಿಯ ಮೈಶಾಖದಿಂದ ಎಂದುಕೊಳ್ಳೋಣ. ಒಂದು ಟನ್ ತೂಕದ ಜೀಪನ್ನು 10 ಮೀಟರ್ ಎತ್ತಲು ಸುಮಾರು 98 ಕಿಲೋಜೂಲ್ ಬೇಕು. 50 ಕಿಲೋ ತೂಕದ ಹುಡುಗಿಯ ಮೈ ಒಂದು ಡಿಗ್ರಿ ಸೆಲ್ಸಿಯಸ್ ತಣಿದರೆ ಸಿಗುವುದು ಸುಮಾರು 175. ಅಂದರೆ ಪ್ರತಿ ಸಲವೂ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಇಳಿಯುತ್ತದೆ. 37ರಿಂದ ಶುರುಮಾಡಿದವಳು ಬೆನ್ನುಬೆನ್ನಿಗೆ ಎತ್ತಿದರೆ ನಾಲ್ಕನೆಯ ಸಲಕ್ಕೆ 35ರ ಕೆಳಗೆ: ನಡುಕ, ತೊದಲು, ಮಂಕು. ತೊದಲಿದ ಬಾಯಲ್ಲಿ ಮಂತ್ರ ಹೇಗೆ ಬಂದೀತು? ನಿಮಗೊಂದು ಅಧ್ಯಾಯ ಸಿಕ್ಕಿತು ನೋಡಿ.

ನೂರು ಟನ್ನಿನ ನೌಕೆಯನ್ನು ಅಷ್ಟೇ ಎತ್ತರಕ್ಕೆ ಎತ್ತಲು ಅವಳ ಮೈಶಾಖ ಸಾಲದು. ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಬಂದು ಬೀಳುವ 1,000 ಲೀಟರಿನ ತೊಟ್ಟಿ 2.3 ಡಿಗ್ರಿ ತಣಿದರೆ ಸಾಕು! ಹಾಗಾಗಿ ಕೊನೆಯ ಓಟ ನೌಕೆಯ ಕಡೆಗಲ್ಲ, ತೊಟ್ಟಿಯ ಕಡೆಗೆ. ನೀರಿಗೆ ಕೈ ತಾಗಿದರಷ್ಟೇ ಶಾಖ ಸಿಗುತ್ತದೆ ಎಂಬ ಶರತ್ತನ್ನು ಮೂರನೇ ಅಧ್ಯಾಯದೊಳಗೆ ಹೇಳಿಡಿ. ಕೊನೆಯಲ್ಲಿ ಹೇಳಿದರೆ ಮಕ್ಕಳು ಮೋಸ ಎನ್ನುತ್ತಾರೆ, ಅದು ನಿಜವೂ ಹೌದು.

(ಹೀಗೆ ಶಾಖವನ್ನೆಲ್ಲ ಪೂರ್ತಿ ಕೆಲಸಕ್ಕೆ ಹಚ್ಚಲು ಯಾವ ಯಂತ್ರಕ್ಕೂ ಆಗದು ಎಂದು ಫಿಸಿಕ್ಸ್ ಮಾಸ್ಟ್ರು ತಕರಾರು ತೆಗೆದಾರು. ಹೌದು, ಆ ಒಂದು ಸುಳ್ಳೇ ನಿಮ್ಮ ಮಂತ್ರ. ಎರಡನೆಯದು ಬೇಡ.)

ನೌಕೆಗೂ ಇದೇ ನ್ಯಾಯ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೂ ರೇಡಿಯೋ ಅಲೆಗೂ ಅಷ್ಟು ವರ್ಷದ ಹಾದಿ. ಅಲ್ಲಿಗೆ ರೇಡಿಯೋ ಸಂದೇಶ ಕಳಿಸಿ ಉತ್ತರ ಬರುವಷ್ಟರಲ್ಲಿ ಎಂಟೂವರೆ ವರ್ಷ. ಎಂಟನೇ ತರಗತಿಯ ನಾಯಕಿ ಡಿಗ್ರಿ ಮುಗಿಸಿರುತ್ತಾಳೆ.

ಇನ್ನು, ಯಾರೂ ಕೇಳದ ಪ್ರಶ್ನೆ: ಬಂದವರು ಯಾವ ಭಾಷೆ ಆಡುತ್ತಾರೆ? ಪಠ್ಯಪುಸ್ತಕದ ಕನ್ನಡವನ್ನು ಅವರ ಬಾಯಿಗೆ ತುರುಕಬೇಡಿ. 1977ರಲ್ಲಿ ಹೊರಟ ನಾಸಾದ ವಾಯೇಜರ್ ನೌಕೆಗಳಲ್ಲಿರುವ, ಚಿನ್ನ ಲೇಪಿಸಿದ ಧ್ವನಿಮುದ್ರಣದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡವೂ ಅದರಲ್ಲಿದೆ. ಅದನ್ನೇ ನೆಪ ಮಾಡಿಕೊಳ್ಳಬಹುದು. ಆದರೆ ಸೆಕೆಂಡಿಗೆ 17 ಕಿಲೋಮೀಟರ್ ವೇಗದ ವಾಯೇಜರ್ 1 ಪ್ರಾಕ್ಸಿಮಾದಷ್ಟು ದೂರ ಸಾಗಲು ಸುಮಾರು 75,000 ವರ್ಷ ಬೇಕು; ಆದ್ದರಿಂದ ಅನ್ಯಗ್ರಹದವರೇ ಇತ್ತ ಬಂದು ದಾರಿಯಲ್ಲಿ ಅದನ್ನು ಹಿಡಿದಿರಬೇಕು. ಆಗಲೂ ಅವರಿಗೆ ಗೊತ್ತಿರುವುದು ಒಂದೇ ಒಂದು ಶುಭಾಶಯ. ತಟ್ಟೆಯಲ್ಲಿ ತುಳುವೂ ಇಲ್ಲ, ಮಲಯಾಳವೂ ಇಲ್ಲ. ಪೆರ್ಲ ಪೇಟೆಯಲ್ಲಿ ದಾರಿ ಕೇಳಬೇಕಾದರೂ ಅವರಿಗೆ ನಾಯಕಿಯೇ ಗತಿ.